ನಶೆ ಬಿಟ್ಟವರಿಗೆ ಯಾವ ಗುಂಪು? ಸೇರುವ ಮುನ್ನ ತೂಗಿ ನೋಡಬೇಕಾದದ್ದು

ಮಗನನ್ನೋ ತಮ್ಮನನ್ನೋ ವ್ಯಸನಮುಕ್ತಿ ಕೇಂದ್ರಕ್ಕೆ ಕರೆದುಕೊಂಡು ಹೊರಟ ಮನೆಯವರು ಮೊದಲು ಕೇಳುವುದು ಎರಡು ಪ್ರಶ್ನೆ: ಎಷ್ಟು ದಿನ, ಎಷ್ಟು ದುಡ್ಡು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಗುಂಪು ಕೌನ್ಸೆಲಿಂಗ್ ಆರಿಸುವಾಗ ಇವಕ್ಕಿಂತ ಮುಂಚೆ ಕೇಳಬೇಕಾದದ್ದು ಬೇರೆ ಇದೆ. ಗುಂಪಿನಲ್ಲಿರುವವನೊಬ್ಬ ಒಂದು ರಾತ್ರಿ ಜಾರಿ ಮತ್ತೆ ತೆಗೆದುಕೊಂಡ ಅಂತಿಟ್ಟುಕೊಳ್ಳಿ. ಮಾರನೆಯ ದಿನ ಆ ಗುಂಪು ಅವನನ್ನು ಒಳಗೆ ಕೂರಿಸಿ ಮಾತಾಡಿಸುತ್ತದೋ, ಬೈದು ಅವಮಾನಿಸುತ್ತದೋ, ಹೊರಗೆ ಹಾಕುತ್ತದೋ? ಈ ಕಾಯಿಲೆಯಲ್ಲಿ ಜಾರುವುದು ಅಪರೂಪವಲ್ಲ. ಹಾಗಾಗಿ, ಜಾರಿದವನು ಮರಳಿ ಬಂದು ನಿಜ ಹೇಳಲು ಹೆದರುವಂಥ ಗುಂಪು ಎಷ್ಟೇ ಹೆಸರುವಾಸಿಯಾಗಿದ್ದರೂ ಉಪಯೋಗಕ್ಕೆ ಬಾರದು. ಕೆಳಗಿನ ಐದು ಬಗೆಗಳನ್ನೂ ನಾನು ಮುಖ್ಯವಾಗಿ ಈ ಪ್ರಶ್ನೆಯನ್ನಿಟ್ಟುಕೊಂಡೇ ಅಳೆದಿದ್ದೇನೆ.

ಒಬ್ಬೊಬ್ಬರಿಗೂ ಸಮಯ ಕೊಡಲಾಗದೆ ಎಲ್ಲರನ್ನೂ ಒಟ್ಟಿಗೆ ಕೂರಿಸುವ ಅಗ್ಗದ ಏರ್ಪಾಡು ಇದು ಎಂಬ ಗುಮಾನಿ ಹಲವರಿಗಿದೆ. ಆದರೆ ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಗುಂಪು ಚಿಕಿತ್ಸೆ ಒಂಟಿ ಕೌನ್ಸೆಲಿಂಗ್‌ಗಿಂತ ಸಾಮಾನ್ಯವಾಗಿ ಹಿಂದೆ ಬಿದ್ದಿಲ್ಲ. ಡಾಕ್ಟರ ಮುಂದೆ ಸುಳ್ಳು ಹೇಳಿ ದಾಟಿಕೊಳ್ಳಬಹುದು. ಅಪ್ಪ ಅಮ್ಮನನ್ನಂತೂ ವರ್ಷಗಟ್ಟಲೆ ನಂಬಿಸಿ ಆಗಿರುತ್ತದೆ. ಅದೇ ಸುಳ್ಳನ್ನು ತಾವೂ ಹೇಳಿ ಬಂದ ಎಂಟು ಜನರ ಮುಂದೆ ಅದು ನಡೆಯುವುದಿಲ್ಲ. ಗುಂಪಿನ ಬಲ ಇರುವುದು ಅಲ್ಲೇ.

ಇನ್ನೂ ಗುಂಪಿಗೆ ಹೊತ್ತಾಗಿಲ್ಲದವರು

ಕೆಲವರನ್ನು ಮೊದಲು ವೈದ್ಯರ ಬಳಿಗೇ ಕರೆದೊಯ್ಯಬೇಕು. ಕುಡಿತ ಅಥವಾ ನಿದ್ದೆ ಮಾತ್ರೆಗಳನ್ನು ದಿಢೀರನೆ ನಿಲ್ಲಿಸಿದವರಿಗೆ ಫಿಟ್ಸ್ ಬರುವ ಅಪಾಯವಿದೆ. ಗಾಂಜಾ, ಎಂಡಿಎಂಎ, ಮೆಥ್ ತೆಗೆದುಕೊಂಡು ಇಲ್ಲದ ದನಿ ಕೇಳುತ್ತಿರುವವರು, ಎಲ್ಲರೂ ತಮ್ಮ ವಿರುದ್ಧ ಸಂಚು ಮಾಡುತ್ತಿದ್ದಾರೆಂದು ಹೆದರಿದವರು ಗುಂಪಿನಲ್ಲಿ ಕೂತರೆ ಭಯ ಇನ್ನೂ ಹೆಚ್ಚುತ್ತದೆ. ಸಾಯುವ ಮಾತಾಡುತ್ತಿರುವವರ ವಿಷಯದಲ್ಲಿ ಗುಂಪು ಹುಡುಕುತ್ತಾ ಕೂರಲೇಬೇಡಿ, ನೇರ ಆಸ್ಪತ್ರೆಗೆ ಹೋಗಿ. ಇವರೆಲ್ಲ ಆಮೇಲೆ ಗುಂಪಿಗೆ ಬರಬಹುದು, ಬರಬೇಕು ಕೂಡ. ಮೊದಲ ವಾರ ಮಾತ್ರ ಬೇಡ.

ಆಸ್ಪತ್ರೆಯ ಗುಂಪು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಇವಲ್ಲದೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮನೋರೋಗ ವಿಭಾಗಗಳಿವೆ. ಇಂಥ ಕಡೆ ಗುಂಪನ್ನು ನಡೆಸುವವರು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಅಥವಾ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಗುಂಪು ಚಿಕ್ಕದು, ಎಂಟು ಹತ್ತು ಜನ. ಪ್ರತಿ ಸೆಷನ್ನಿಗೂ ಒಂದು ವಿಷಯವಿರುತ್ತದೆ: ಕ್ರೇವಿಂಗ್ (ಮತ್ತೆ ಬೇಕೆನ್ನುವ ತಡೆಯಲಾಗದ ಸೆಳೆತ) ಬಂದಾಗ ಮೊದಲ ಇಪ್ಪತ್ತು ನಿಮಿಷ ಏನು ಮಾಡಬೇಕು, ಹಳೆಯ ಗೆಳೆಯ ಫೋನ್ ಮಾಡಿದರೆ ಏನು ಹೇಳಬೇಕು, ಸಂಬಳದ ದಿನ ಕೈಗೆ ದುಡ್ಡು ಬಂದಾಗ ಹೇಗೆ, ಸಿಟ್ಟು ಬಂದಾಗ ಹೇಗೆ.

ಇಂಥ ಗುಂಪುಗಳಿಗೆ ಜಗತ್ತಿನಲ್ಲಿ ಚೆನ್ನಾಗಿ ಬರೆದಿಟ್ಟ ಮಾದರಿಗಳಿವೆ. 1980ರ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೊಕೇನ್ ಬಳಸುತ್ತಿದ್ದವರಿಗಾಗಿ ರೂಪುಗೊಂಡ ಮ್ಯಾಟ್ರಿಕ್ಸ್ ಮಾದರಿಯನ್ನೇ ನೋಡಿ. ಒಟ್ಟು 16 ವಾರ. ಆರಂಭದ ಕೌಶಲಗಳಿಗೆ 8 ಸೆಷನ್, ಮತ್ತೆ ಜಾರದಂತೆ ತಡೆಯಲು 32 ಸೆಷನ್, ಮನೆಯವರ ತಿಳಿವಳಿಕೆಗೆ 12 ಸೆಷನ್. ನಮ್ಮಲ್ಲಿ ಎಲ್ಲ ಕಡೆ ಇಷ್ಟು ಉದ್ದದ ಕಾರ್ಯಕ್ರಮ ಸಿಗುವುದಿಲ್ಲ. ಆದರೂ ಈ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ಅತಿ ಹೆಚ್ಚು ಸಮಯ ಹೋಗುವುದು ಬಿಡಿಸುವುದಕ್ಕಲ್ಲ, ಬಿಟ್ಟದ್ದನ್ನು ಉಳಿಸಿಕೊಳ್ಳುವುದಕ್ಕೆ. ‘ಹತ್ತು ದಿನದಲ್ಲಿ ಪೂರ್ತಿ ಗುಣ’ ಎಂಬ ಬೋರ್ಡು ಕಂಡರೆ ಮುಂದಿನ ಬಸ್ ಸ್ಟಾಪಿಗೆ ನಡೆಯಿರಿ.

ಈ ಗುಂಪುಗಳ ದೊಡ್ಡ ಅನುಕೂಲ, ಔಷಧಿ ಮತ್ತು ಮಾತು ಒಂದೇ ಸೂರಿನಡಿ ಸಿಗುವುದು. ಜಾರಿದವನನ್ನು ಇಲ್ಲಿ ಸಾಮಾನ್ಯವಾಗಿ ಬೈಯುವುದಿಲ್ಲ. ಎಲ್ಲಿ, ಯಾರ ಜೊತೆ, ಅದಕ್ಕೆ ಮುಂಚೆ ಏನಾಗಿತ್ತು ಎಂದು ಬಿಡಿಸಿ ಕೇಳಿ ಅದನ್ನೇ ಆ ದಿನದ ಪಾಠ ಮಾಡುತ್ತಾರೆ. ಅನನುಕೂಲವೂ ಸಣ್ಣದಲ್ಲ. ಗುಂಪು ನಡೆಯುವುದು ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ವಾರಕ್ಕೊಮ್ಮೆ ಬೆಂಗಳೂರಿಗೆ ಬರುವುದು ದಿನಗೂಲಿಯವನಿಗೆ ಆಗದ ಮಾತು. ಕಾರ್ಯಕ್ರಮ ಮುಗಿದ ಮೇಲೆ ಗುಂಪು ಚದುರಿ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಕೈ ನಡುಗಿದರೆ ಓಪಿಡಿ ಬಾಗಿಲು ತೆರೆದಿರುವುದಿಲ್ಲ.

ಎನ್‌ಎ ಮೀಟಿಂಗ್

ಆ ರಾತ್ರಿ ಹನ್ನೊಂದರ ಹೊತ್ತಿಗೆ ಇರುವುದು ನಾರ್ಕೋಟಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎನ್‌ಎ. 1935ರಲ್ಲಿ ಅಮೆರಿಕದ ಓಹಾಯೋದಲ್ಲಿ ಕುಡಿತದವರಿಗಾಗಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎಯ, ವ್ಯಸನದಿಂದ ಹೊರಬರುವ ಹನ್ನೆರಡು ಹೆಜ್ಜೆಗಳನ್ನೇ ಹಿಡಿದು, 1953ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು ಇದು. ಡಾಕ್ಟರಿಲ್ಲ, ಕೌನ್ಸೆಲರ್ ಇಲ್ಲ, ಫೀಸಿಲ್ಲ, ರಿಜಿಸ್ಟರಿಲ್ಲ. ಬಿಡಬೇಕೆಂಬ ಆಸೆ ಇದ್ದರೆ ಸಾಕು, ಸದಸ್ಯ. ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ, ಹೊರಗಿನವರ ದುಡ್ಡು ಮುಟ್ಟುವುದಿಲ್ಲ.

ಇಲ್ಲಿ ಹೊಸಬರಿಗೆ ವಿಚಿತ್ರ ಅನ್ನಿಸುವ ಸಂಗತಿಯೊಂದಿದೆ. ನೀವು ಎದೆ ಬಿಚ್ಚಿ ಹತ್ತು ನಿಮಿಷ ಮಾತಾಡಿದರೂ ಯಾರೂ ಉತ್ತರ ಕೊಡುವುದಿಲ್ಲ. ‘ಥ್ಯಾಂಕ್ಸ್’ ಅನ್ನುತ್ತಾರೆ, ಪಕ್ಕದವರು ತಮ್ಮ ಕಥೆ ಶುರು ಮಾಡುತ್ತಾರೆ. ಒಬ್ಬರ ಶೇರಿಂಗ್ ಮೇಲೆ ಇನ್ನೊಬ್ಬರು ಬುದ್ಧಿ ಹೇಳಬಾರದೆಂಬುದು ಅಲ್ಲಿಯ ರೂಢಿ. ಆಸ್ಪತ್ರೆಯ ಗುಂಪಿನಲ್ಲಿ ಇದಕ್ಕೆ ತದ್ವಿರುದ್ಧ: ಪರಸ್ಪರ ಪ್ರಶ್ನಿಸುವುದು, ‘ನೀನು ಹೇಳಿದ್ದು ನನಗೆ ಹೀಗನ್ನಿಸಿತು’ ಎನ್ನುವುದೇ ಅಲ್ಲಿನ ಕೆಲಸ. ನಿಮ್ಮವರು ಯಾವುದರಲ್ಲಿ ಬಾಯಿ ಬಿಡುತ್ತಾರೆಂಬುದನ್ನು ಬೇರೆಯವರು ಊಹಿಸಲಾಗದು. ಮನೆಯಲ್ಲಿ ಬುದ್ಧಿಮಾತು ಕೇಳಿ ಕೇಳಿ ಕಿವಿ ಮುಚ್ಚಿಕೊಂಡವನಿಗೆ ಎನ್‌ಎಯ ಆ ಮೌನ ದೊಡ್ಡ ಬಿಡುಗಡೆ. ತನಗೇನಾಗುತ್ತಿದೆ ಎಂದೇ ಹೇಳಲು ಬಾರದವನು ಅದೇ ಮೌನದಲ್ಲಿ ಕಳೆದುಹೋಗಬಹುದು.

ಮೀಟಿಂಗ್‌ಗಿಂತಲೂ ಇಲ್ಲಿ ಹೆಚ್ಚು ಕೆಲಸ ಮಾಡುವುದು ಸ್ಪಾನ್ಸರ್ ಎಂಬ ಸಂಬಂಧ. ಕೆಲವು ವರ್ಷ ಕ್ಲೀನ್ ಇರುವ, ಅಂದರೆ ನಶೆ ಮುಟ್ಟದಿರುವ, ಹಳೆಯ ಸದಸ್ಯರೊಬ್ಬರು ಹೊಸಬನ ಫೋನಿಗೆ ಹೊತ್ತಲ್ಲದ ಹೊತ್ತಿನಲ್ಲೂ ಸಿಗುತ್ತಾರೆ. ಇದು ಸಂಬಳದ ಕೌನ್ಸೆಲರ್ ಕೊಡಲಾರದಂಥದು. ಜಾರಿದವನು ಕ್ಲೀನ್ ದಿನಗಳ ಲೆಕ್ಕವನ್ನು ಸೊನ್ನೆಯಿಂದ ಶುರು ಮಾಡಬೇಕು, ಆದರೆ ಕುರ್ಚಿ ಅಲ್ಲೇ ಇರುತ್ತದೆ. ಲೆಕ್ಕ ಸೊನ್ನೆಗೆ ಬರುವುದು ಕೆಲವರಿಗೆ ಹಟ ಕೊಡುತ್ತದೆ, ಕೆಲವರನ್ನು ನಾಚಿಕೆಯಿಂದ ಬಾಗಿಲ ಹತ್ತಿರವೂ ಬರದಂತೆ ಮಾಡುತ್ತದೆ. ನಿಮ್ಮವರು ಎರಡನೆಯ ಬಗೆಯವರಾದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ದೇವರ ಮಾತು ಬರುತ್ತದೆ, ‘ನಮಗಿಂತ ದೊಡ್ಡ ಶಕ್ತಿ’ ಎಂಬ ರೂಪದಲ್ಲಿ. ಬಹಳಷ್ಟು ಮನೆಗಳಲ್ಲಿ ಇದು ತೊಡಕೇ ಆಗುವುದಿಲ್ಲ. ತೊಡಕಾಗುವವರಿಗೆ ಮುಂದಿನ ಬಗೆ ಇದೆ. ಪರಿಣಾಮದ ವಿಷಯ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟುಮಾಡಿ ನೋಡಿ, ಎಎ ಮತ್ತು ಅದಕ್ಕೆ ಜೋಡಿಸುವ ಚಿಕಿತ್ಸೆಗಳು ಕುಡಿತವನ್ನು ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಉಳಿದ ಚಿಕಿತ್ಸೆಗಳಷ್ಟೇ ಅಥವಾ ಅವಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಕಂಡುಕೊಂಡಿತು. ಅದು ಕುಡಿತದ ಲೆಕ್ಕ. ಡ್ರಗ್ಸ್ ವಿಷಯದಲ್ಲಿ ಅಷ್ಟು ಗಟ್ಟಿ ಆಧಾರವಿಲ್ಲ. ಯಾರಾದರೂ ಆ ಅಂಕಿಯನ್ನು ಎನ್‌ಎಗೆ ಅಂಟಿಸಿ ಹೇಳಿದರೆ ನಂಬಬೇಡಿ.

ಸಣ್ಣ ಊರುಗಳಲ್ಲಿ ಎನ್‌ಎ ಇರುವುದಿಲ್ಲ, ಎಎ ಇರುತ್ತದೆ. ಎಎಯ ಮುಕ್ತ ಮೀಟಿಂಗ್‌ಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಇಪ್ಪತ್ತೆರಡರ ಹುಡುಗ ಐವತ್ತು ದಾಟಿದವರ ಕುಡಿತದ ಕಥೆ ಕೇಳಿ ‘ಇವರಿಗೂ ನನಗೂ ಏನು ಸಂಬಂಧ’ ಎಂದು ಎದ್ದು ಬರುವ ಸಾಧ್ಯತೆ ಇದ್ದೇ ಇದೆ. ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ಮೇಲು.

ಸ್ಮಾರ್ಟ್ ರಿಕವರಿ ಮತ್ತು ಆನ್‌ಲೈನ್

ದೇವರು, ಸೋಲೊಪ್ಪಿಕೊಳ್ಳುವುದು, ‘ನಾನು ಅಡಿಕ್ಟ್’ ಎಂದು ಪರಿಚಯಿಸಿಕೊಳ್ಳುವುದು ಇವು ಒಗ್ಗದವರಿಗೆ 1994ರಿಂದ ಸ್ಮಾರ್ಟ್ ರಿಕವರಿ ಇದೆ. ಆಲೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂಬ ಮನಶ್ಶಾಸ್ತ್ರದ ಮೇಲೆ ಅದು ನಿಂತಿದೆ. ಇಲ್ಲಿ ಚರ್ಚೆ ಉಂಟು, ಹಾಳೆಯ ಮೇಲೆ ಬರೆಯುವ ಅಭ್ಯಾಸಗಳುಂಟು. ತಾನೇ ತರ್ಕ ಮಾಡಿ ಒಪ್ಪಿಕೊಳ್ಳುವ ಸ್ವಭಾವದವರಿಗೆ ಇದು ಹಿಡಿಸುತ್ತದೆ. ಊರಿನಲ್ಲಿ ಮುಖ ಗುರುತಾಗುವ ಭಯವಿರುವವರಿಗೂ, ದುಬೈನಲ್ಲೋ ಡಲ್ಲಾಸ್‌ನಲ್ಲೋ ಒಂಟಿಯಾಗಿರುವ ಕನ್ನಡಿಗರಿಗೂ ಇದರ ಮತ್ತು ಎನ್‌ಎಯ ಆನ್‌ಲೈನ್ ಮೀಟಿಂಗ್‌ಗಳು ಒದಗುತ್ತವೆ. ಆದರೆ ಬಹುಪಾಲು ನಡೆಯುವುದು ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ಕೆಲಸ ಮಾಡಬಲ್ಲವರೆಲ್ಲ ಇಂಗ್ಲಿಷಿನಲ್ಲಿ ಅಳಬಲ್ಲರು ಎಂದೇನಿಲ್ಲ. ಇನ್ನೊಂದು ತೊಂದರೆ, ಕ್ಯಾಮೆರಾ ಆಫ್ ಮಾಡಿ ಕೂತವನು ಯಾವ ಸ್ಥಿತಿಯಲ್ಲಿದ್ದಾನೆಂದು ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಮೂರು ತಿಂಗಳಿಗೆ ಆನ್‌ಲೈನ್ ಒಂದನ್ನೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ರಿಹ್ಯಾಬ್‌ನೊಳಗಿನ ಗುಂಪು

ಉಳಿದುಕೊಂಡು ಚಿಕಿತ್ಸೆ ಪಡೆಯುವ ಕೇಂದ್ರಗಳಲ್ಲಿ ಗುಂಪು ದಿನವೂ ಇರುತ್ತದೆ. ಕೆಲವು ಕಡೆ ದಿನಕ್ಕೆ ಎರಡು ಮೂರು ಸಲ. ಬೀದಿಗಿಳಿದರೆ ಮಾರುವವನು ಸಿಗುವಂಥ ಕಡೆ ವಾಸವಿರುವವನಿಗೆ, ಮನೆಯಲ್ಲೇ ಇನ್ನೊಬ್ಬರು ಬಳಸುತ್ತಿರುವವನಿಗೆ, ಹಲವು ಸಲ ಓಪಿಡಿಯಲ್ಲಿ ಸೋತವನಿಗೆ ಇದು ಸರಿ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಕೇಂದ್ರಗಳಿವೆ, ಐಆರ್‌ಸಿಎ ಎಂದು ಕರೆಯುತ್ತಾರೆ. ಖಾಸಗಿಯವು ಬೇಕಾದಷ್ಟಿವೆ, ಅವುಗಳ ಶುಲ್ಕಕ್ಕೆ ತಳವೂ ಇಲ್ಲ, ಮೇಲ್ಮಿತಿಯೂ ಇಲ್ಲ.

ನನ್ನ ತಕರಾರು ಶುಲ್ಕದ ಬಗ್ಗೆ ಅಲ್ಲ. ಕೆಲವು ಕಡೆ ಗುಂಪು ಎಂಬ ಹೆಸರಿನಲ್ಲಿ ನಡೆಯುವುದು ಎಲ್ಲರೂ ಸೇರಿ ಒಬ್ಬನನ್ನು ನಿಲ್ಲಿಸಿ ಹೀಯಾಳಿಸುವ ಕೆಲಸ. ‘ಅಹಂ ಮುರಿಯಬೇಕು’ ಎಂಬ ಸಮರ್ಥನೆ ಬೇರೆ. ಅಹಂ ಮುರಿದು ಮನುಷ್ಯ ಕ್ಲೀನ್ ಆಗಿ ಉಳಿಯುತ್ತಾನೆ ಎನ್ನುವುದಕ್ಕೆ ಆಧಾರವಿಲ್ಲ. ಅವನು ಕಲಿಯುವುದು ಒಳಗಿರುವಷ್ಟು ದಿನ ಅವರಿಗೆ ಬೇಕಾದ್ದನ್ನು ಹೇಳುವುದನ್ನು ಮಾತ್ರ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಇಂಥ ರೋಗಿಗಳನ್ನು ಇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ನೋಂದಣಿ ಮಾಡಿಸಿರಬೇಕು. ಸಂಕೋಲೆ ಹಾಕುವುದು ಯಾವ ರೂಪದಲ್ಲೂ ನಿಷಿದ್ಧ. ಒಪ್ಪದವನನ್ನು ಮನೆಯವರ ಕೋರಿಕೆಯ ಮೇಲೆ ದಾಖಲಿಸಿಕೊಳ್ಳಬೇಕಾದರೆ ಇಬ್ಬರು ತಜ್ಞರು, ಅವರಲ್ಲೊಬ್ಬರು ಮನೋವೈದ್ಯರು, ಬೇರೆಬೇರೆಯಾಗಿ ಪರೀಕ್ಷಿಸಬೇಕು. ಅಂಥ ದಾಖಲಾತಿಯ ಮಿತಿ 30 ದಿನ, ಮುಂದುವರಿಸಲು ಪ್ರತ್ಯೇಕ ಪ್ರಕ್ರಿಯೆ ಇದೆ. ‘ವ್ಯಾನ್ ಕಳಿಸುತ್ತೇವೆ, ನಾವೇ ಎತ್ತಿಕೊಂಡು ಬರುತ್ತೇವೆ, ಆರು ತಿಂಗಳು ನೀವು ಬರಲೇಬೇಡಿ’ ಎನ್ನುವ ಕಡೆಗೆ ಮಗನನ್ನು ಕೊಡಬೇಡಿ. ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ವಾರದಲ್ಲಿ ಯಾವ ದಿನ ಬರುತ್ತಾರೆ ಕೇಳಿ. ಗುಂಪು ನಡೆಸುವವರು ಯಾರು ಎಂದು ಕೇಳಿ: ಹಿಂದೆ ವ್ಯಸನಿಯಾಗಿದ್ದು ಈಗ ಕೌನ್ಸೆಲರ್ ಆದವರಿದ್ದರೆ ಒಳ್ಳೆಯದೇ, ಆದರೆ ತರಬೇತಿಯೂ ಇರಬೇಕು.

ರಿಹ್ಯಾಬ್ ಗುಂಪಿನ ನಿಜವಾದ ಪರೀಕ್ಷೆ ಬಿಡುಗಡೆಯ ದಿನ. ಅಲ್ಲಿಂದ ಹೊರಬಂದ ವಾರದಲ್ಲೇ ಹೊರಗಿನ ಯಾವ ಗುಂಪಿಗೆ ಸೇರಿಸುತ್ತಾರೆ ಎಂಬುದಕ್ಕೆ ಅವರಲ್ಲಿ ಉತ್ತರ ಇಲ್ಲವಾದರೆ, ನೀವು ಕೊಟ್ಟ ದುಡ್ಡು ಊಟ ವಸತಿಗೆ ಕೊಟ್ಟಂತೆ.

ಊರಿನ ಶಿಬಿರ

ಕರ್ನಾಟಕದಲ್ಲಿ ಇನ್ನೊಂದು ದಾರಿ ಇದೆ, ಪೇಟೆಯವರಿಗೆ ಅಷ್ಟಾಗಿ ಕಣ್ಣಿಗೆ ಬೀಳದ್ದು. ಧರ್ಮಸ್ಥಳದ ಜನಜಾಗೃತಿ ವೇದಿಕೆ ಹಳ್ಳಿ ಹಳ್ಳಿಗಳಲ್ಲಿ ನಡೆಸುವ 8 ದಿನಗಳ ಮದ್ಯವರ್ಜನ ಶಿಬಿರ, ಆಮೇಲೆ ಅದೇ ಊರಿನಲ್ಲಿ ಕುಡಿತ ಬಿಟ್ಟವರದೇ ನವಜೀವನ ಸಮಿತಿ. ತಮಿಳುನಾಡಿನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈನಲ್ಲಿ ಕಟ್ಟಿದ ಟಿಟಿಕೆ ಆಸ್ಪತ್ರೆಯವರೂ ಹಳ್ಳಿಗಳಲ್ಲೇ ಶಿಬಿರ ಮಾಡುವ ದಾರಿ ಹಿಡಿದವರು. ಹೆಂಡತಿ, ಅಣ್ಣತಮ್ಮಂದಿರು, ಊರಿನ ಹಿರಿಯರು ಎಲ್ಲ ಒಳಗೊಳ್ಳುವುದರಿಂದ ಶಿಬಿರ ಮುಗಿದ ಮೇಲೂ ಗುಂಪು ಕಣ್ಣೆದುರೇ ಇರುತ್ತದೆ. ದೂರದ ರಿಹ್ಯಾಬ್ ಕೊಡಲಾರದ್ದು ಇದೇ.

ಆದರೆ ಇವು ಮದ್ಯಕ್ಕಾಗಿ ಕಟ್ಟಿದ ವ್ಯವಸ್ಥೆಗಳು ಎಂಬುದನ್ನು ಮರೆಯಬಾರದು. ಕಾರಣವೂ ಇದೆ: 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಬಳಸುವವರು 14.6%, ಗಾಂಜಾ ಭಂಗಿಯಂಥವನ್ನು ಬಳಸುವವರು 2.8%, ಅಫೀಮು ಹೆರಾಯಿನ್ ಗುಂಪಿನವನ್ನು ಬಳಸುವವರು 2.1%. ಹಾಗಾಗಿ ಯಾವ ಸಾಮಾನ್ಯ ಗುಂಪಿಗೆ ಹೋದರೂ ಕುಡಿತದವರೇ ಹೆಚ್ಚು. ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುತ್ತಿದ್ದ ಹುಡುಗನಿಗೆ ಎಂಟು ದಿನದ ಭಜನೆ, ಧ್ಯಾನ, ಉಪನ್ಯಾಸ ಸಾಲದು; ಅವನಿಗೆ ಔಷಧಿ ಬೇಕು. ಊರೆಲ್ಲರ ಮುಂದೆ ಗುರುತಾಗುವುದು ಕುಡಿತದವನಿಗೆ ಮಾನ ಮರಳಿ ತರಬಹುದು, ಡ್ರಗ್ಸ್ ಬಿಟ್ಟ ಹುಡುಗಿಗೆ ಅದು ಮದುವೆಯ ಮಾತುಕತೆಯವರೆಗೂ ಬೆನ್ನು ಹತ್ತಬಹುದು.

ಔಷಧಿ ತೆಗೆದುಕೊಳ್ಳುತ್ತಿರುವವರು ಮೊದಲೇ ಕೇಳಬೇಕಾದದ್ದು

ಹೆರಾಯಿನ್, ಬ್ರೌನ್ ಶುಗರ್, ನೋವಿನ ಮಾತ್ರೆಗಳ ವ್ಯಸನಕ್ಕೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಕೊಡುವುದು ಒಪ್ಪಿತ ಚಿಕಿತ್ಸೆ. ಸಾವನ್ನು ತಡೆಯುವ ಚಿಕಿತ್ಸೆ ಅದು. ಹನ್ನೆರಡು ಹೆಜ್ಜೆಯ ಕೆಲವು ಗುಂಪುಗಳಲ್ಲಿ ಮಾತ್ರ ಈ ಮಾತ್ರೆ ನುಂಗುವವನನ್ನು ‘ಇನ್ನೂ ಕ್ಲೀನ್ ಅಲ್ಲ’ ಎಂದು ನೋಡುವ ರೂಢಿ ಉಳಿದಿದೆ. ಬಂದು ಕೂರಲು ಅಡ್ಡಿಯಿಲ್ಲ, ಆದರೆ ಮಾತಾಡಲು, ಮೀಟಿಂಗ್ ನಡೆಸಲು ಬಿಡುವುದು ಒಂದೊಂದು ಗುಂಪಿನಲ್ಲಿ ಒಂದೊಂದು ರೀತಿ. ಇದನ್ನು ಮೊದಲ ದಿನವೇ ವಿಚಾರಿಸಿ. ಗುಂಪಿನಲ್ಲಿ ಯಾರೋ ಹೇಳಿದರೆಂದು ಡಾಕ್ಟರು ಬರೆದ ಮಾತ್ರೆಯನ್ನು ನಿಲ್ಲಿಸಬಾರದು. ಕೆಲವು ವಾರ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವುದಿಲ್ಲ. ರಿಹ್ಯಾಬ್‌ನಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ದಿನಗಳಲ್ಲಿ ಓವರ್‌ಡೋಸ್ ಸಾವು ಹೆಚ್ಚುವುದು ಇದರಿಂದಲೇ. ಈ ವಿಷಯ ಬಾಯಿ ಬಿಟ್ಟು ಹೇಳುವ ಗುಂಪು ಒಳ್ಳೆಯ ಗುಂಪು.

ಹೆಣ್ಣುಮಕ್ಕಳು, ಹದಿಹರೆಯದವರು

ಹೆಚ್ಚಿನ ಗುಂಪುಗಳು ಗಂಡಸರಿಂದಲೇ ತುಂಬಿರುತ್ತವೆ. ಮಹಿಳೆಯರ ಪ್ರತ್ಯೇಕ ಗುಂಪು ಸಿಕ್ಕರೆ ಅದನ್ನೇ ಆರಿಸಿ. ವ್ಯಸನದ ಹಿಂದೆ ಹಿಂಸೆ, ದೌರ್ಜನ್ಯದ ಕಥೆ ಇರುವಾಗ ಹತ್ತು ಗಂಡಸರ ಮುಂದೆ ಅದು ಬಾಯಿಗೆ ಬರುವುದಿಲ್ಲ. ಸಿಗದಿದ್ದರೆ ಮಹಿಳಾ ಕೌನ್ಸೆಲರ್ ಜೊತೆ ಒಂಟಿ ಸೆಷನ್ ಮೇಲು. ಹನ್ನೆರಡು ಹೆಜ್ಜೆಯ ಗುಂಪಿಗೆ ಹೋದರೆ ಸ್ಪಾನ್ಸರ್ ಮಹಿಳೆಯೇ ಆಗಿರಲಿ. ಹೊಸದಾಗಿ ಬಂದವರ ದುರ್ಬಲ ಗಳಿಗೆಯನ್ನು ಬಳಸಿಕೊಳ್ಳುವ ಹಳಬರು ಎಲ್ಲ ದೇಶಗಳ ಗುಂಪುಗಳಲ್ಲೂ ಇದ್ದಾರೆ.

ಕಾಲೇಜು ಮೆಟ್ಟಿಲು ಹತ್ತುವ ಮುನ್ನವೇ ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗನನ್ನು ದೊಡ್ಡವರ ಗುಂಪಿಗೆ ಹಾಕಬೇಡಿ. ಅಲ್ಲಿ ಅವನಿಗೆ ಹೊಸ ಹೆಸರುಗಳು, ಹೊಸ ಜಾಗಗಳು, ಹೊಸ ಫೋನ್ ನಂಬರುಗಳು ಸಿಗುತ್ತವೆ. ಆ ವಯಸ್ಸಿಗೆ ಮನೆಯವರೊಂದಿಗೆ ಕೂತು ಮಾಡುವ ಕೌನ್ಸೆಲಿಂಗೇ ಹೆಚ್ಚು ಸೂಕ್ತ.

ಗುಟ್ಟು ಉಳಿಯುತ್ತದೆಯೇ

ಆಸ್ಪತ್ರೆಯವರು ಗೋಪ್ಯತೆ ಕಾಪಾಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ. ಪಕ್ಕದಲ್ಲಿ ಕೂತ ಸದಸ್ಯನಿಗೆ ಆ ಕಟ್ಟು ಇಲ್ಲ. ಅವನದು ಮಾತು ಕೊಟ್ಟ ನಂಬಿಕೆ ಮಾತ್ರ. ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವ ಗುಂಪಾದರೆ ಎರಡನೆಯ ದಿನ ಹೋಗಬೇಡಿ. ಪೊಲೀಸರ ಭಯದಿಂದ ಚಿಕಿತ್ಸೆಗೇ ಹೋಗದವರಿದ್ದಾರೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಬಳಕೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿರುವ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಪಡೆಯಬಹುದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಅದನ್ನು ಹಿಂತೆಗೆದುಕೊಳ್ಳಬಹುದು. ಕೇಸು ಇರುವವರು ವಕೀಲರನ್ನು ಕೇಳಿಯೇ ಸಂಸ್ಥೆ ಆರಿಸಲಿ. ಮಾನ್ಯತೆ ಇಲ್ಲದ ರಿಹ್ಯಾಬ್‌ನ ಪತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಗಾದರೆ ಯಾವುದು

ಬೆಂಗಳೂರು, ಮೈಸೂರಿನಂಥ ಕಡೆ ಇದ್ದು ಕೆಲಸಕ್ಕೆ ಹೋಗುತ್ತಿರುವವರಿಗೆ ನಾನು ಹೇಳುವುದು ಆಸ್ಪತ್ರೆಯ ಗುಂಪು ಮತ್ತು ಸಂಜೆಯ ಎನ್‌ಎ, ಎರಡೂ. ಒಂದು ಕಲಿಸುತ್ತದೆ, ಇನ್ನೊಂದು ಕೈ ಹಿಡಿದಿರುತ್ತದೆ. ಅಫೀಮು, ಹೆರಾಯಿನ್‌ನಂಥವುಗಳ ವ್ಯಸನಕ್ಕೆ ಆಸ್ಪತ್ರೆ ಮೊದಲು, ಉಳಿದದ್ದು ಆಮೇಲೆ. ಹಳ್ಳಿಯಲ್ಲಿ ಕುಡಿತದ ಜೊತೆ ಗಾಂಜಾ ಇರುವವನಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ಕಂಡು, ಊರಿನ ಸಮಿತಿಯನ್ನು ಹಿಡಿದುಕೊಳ್ಳುವುದು ಸಾಕಾಗಬಹುದು. ರಿಹ್ಯಾಬ್ ಅನ್ನು ಹೊರಗೆ ಇರಲಾಗದವರಿಗೆಂದು ಇಟ್ಟುಕೊಳ್ಳಿ. ಯಾವುದೇ ಆದರೂ ಮೂರು ತಿಂಗಳಿಗೆ ಮುಂಚೆ ‘ಆಗಲಿಲ್ಲ’ ಎಂದು ತೀರ್ಮಾನಿಸಬೇಡಿ; ಅದಕ್ಕಿಂತ ಕಡಿಮೆ ಅವಧಿಯ ಚಿಕಿತ್ಸೆಯ ಫಲ ಸೀಮಿತ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದ ತಿಳಿವಳಿಕೆ. ಗುಂಪು ಮಾತ್ರ ಬದಲಿಸಬಹುದು. ಮೂರು ನಾಲ್ಕು ಸಲ ಕೂತರೂ ಬಾಯಿ ಬಿಡಲಾಗದಿದ್ದರೆ ಬೇರೆ ಗುಂಪು ನೋಡಿ.

ಎಲ್ಲಿ ಶುರು ಮಾಡಬೇಕೆಂದೇ ತಿಳಿಯದಿದ್ದರೆ ಎರಡು ನಂಬರುಗಳಿವೆ, ಎರಡೂ ಉಚಿತ: ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416. ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವ ಮೊದಲು ಏನು ತೆಗೆದುಕೊಳ್ಳುತ್ತಿದ್ದರು, ಕೊನೆಯ ಸಲ ಯಾವಾಗ, ಬೇರೆ ಕಾಯಿಲೆಯ ಮಾತ್ರೆಗಳೇನು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಅವನು ಬರಲೊಪ್ಪದಿದ್ದರೆ? ಆಗ ನೀವೇ ಹೋಗಿ. ವ್ಯಸನಿಗಳ ಮನೆಯವರಿಗಾಗಿ ನಾರ್-ಅನಾನ್, ಕುಡಿತದವರ ಮನೆಯವರಿಗಾಗಿ 1951ರಿಂದ ಇರುವ ಅಲ್-ಅನಾನ್, ಆಸ್ಪತ್ರೆಗಳ ಕುಟುಂಬ ಸೆಷನ್‌ಗಳು ಇವೆ. ದುಡ್ಡು ಕೇಳಿದಾಗ ಏನು ಹೇಳಬೇಕು, ಸಾಲಗಾರರು ಬಾಗಿಲಿಗೆ ಬಂದಾಗ ಯಾರು ತೀರಿಸಬೇಕು, ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅಲ್ಲಿ ಇತರ ತಾಯಂದಿರಿಂದ, ಹೆಂಡಂದಿರಿಂದ ಕಲಿಯಬಹುದು. ಅದಕ್ಕೆ ಅವನ ಒಪ್ಪಿಗೆ ಬೇಕಿಲ್ಲ.